ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ: ಅರ್ಧ ದಿನದಲ್ಲಿ ಏನು ನೋಡಬೇಕು?

ವಯಸ್ಸಾದ ತಾಯಿಯವರನ್ನೂ ಶಾಲೆಗೆ ಹೋಗುವ ಮಗನನ್ನೂ ಕರೆದುಕೊಂಡು ಕೋಲ್ಕತ್ತಕ್ಕೆ ಹೊರಟಿದ್ದೀರಿ. ಇಂಡಿಯನ್ ಮ್ಯೂಸಿಯಂಗೆ ಅರ್ಧ ದಿನ ಸಾಕೇ, ಅಲ್ಲಿ ಯಾವುದನ್ನು ತಪ್ಪದೆ ನೋಡಬೇಕು ಎಂದು ಕೇಳಿದ್ದೀರಿ. ಉತ್ತರಿಸಿದವರಲ್ಲಿ ಹೆಚ್ಚಿನವರು ಈಜಿಪ್ಟಿನ ಮಮ್ಮಿಯಿಂದ ಆರಂಭಿಸಿ ಎಂದಿದ್ದಾರೆ. ಮಗುವಿನ ಕುತೂಹಲಕ್ಕೆ ಅದು ಸರಿಯೇ. ಆದರೆ ಕೈಯಲ್ಲಿ ಅರ್ಧ ದಿನವಷ್ಟೇ ಇರುವವರು, ಮನಸ್ಸು ಇನ್ನೂ ದಣಿಯದಿರುವಾಗಲೇ, ನೆಲಮಹಡಿಯ ಭಾರ್ಹುತ್ ಗ್ಯಾಲರಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಂದಿನ ಮಧ್ಯಪ್ರದೇಶದಲ್ಲಿರುವ ಭಾರ್ಹುತ್‌ನ ಬೌದ್ಧ ಸ್ತೂಪದ ಅವಶೇಷಗಳನ್ನು ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1873ರಲ್ಲಿ ಗುರುತಿಸಿದರು. ಅಲ್ಲಿ ಉಳಿದಿದ್ದ ಕೆಂಪು ಮರಳುಗಲ್ಲಿನ ಕಟಕಟೆಯನ್ನೂ ಪೂರ್ವದ ತೋರಣವನ್ನೂ, ಅಂದರೆ ಕಲ್ಲಿನ ಹೆಬ್ಬಾಗಿಲನ್ನೂ, ತಂದು ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಲಾಗಿದೆ. ಕ್ರಿ.ಪೂ. 2ನೆಯ ಶತಮಾನದ ಕೆಲಸವೆಂದು ಹೇಳಲಾಗುವ ಈ ಕಲ್ಲುಗಳಲ್ಲಿ ವ್ಯಾಪಾರಿ ಅನಾಥಪಿಂಡಿಕನು ನೆಲದ ತುಂಬ ನಾಣ್ಯ ಹಾಸಿ ಬುದ್ಧನಿಗಾಗಿ ಜೇತವನವೆಂಬ ತೋಪನ್ನು ಕೊಂಡ ಕಥೆಯ ವೃತ್ತಫಲಕವನ್ನು ದಯವಿಟ್ಟು ಹುಡುಕಿ. ನೊಗ ಬಿಚ್ಚಿದ ಗಾಡಿಯ ಬಳಿ ಎತ್ತುಗಳು ವಿಶ್ರಮಿಸುತ್ತಿವೆ, ಆಳುಗಳು ಚೌಕಾಕಾರದ ನಾಣ್ಯಗಳನ್ನು ನೆಲದ ಮೇಲೆ ಒಂದರ ಪಕ್ಕ ಒಂದರಂತೆ ಹಾಸುತ್ತಿದ್ದಾರೆ, ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಕಥೆಯ ವಿವರಣೆಯಿದೆ. ಬುದ್ಧನನ್ನು ಮನುಷ್ಯರೂಪದಲ್ಲಿ ಎಲ್ಲಿಯೂ ಕೆತ್ತಿಲ್ಲ. ಬೋಧಿವೃಕ್ಷ, ಧರ್ಮಚಕ್ರ, ಪಾದಮುದ್ರೆಗಳೇ ಅವನನ್ನು ಸೂಚಿಸುತ್ತವೆ. ಇದನ್ನು ಮೊದಲೇ ತಿಳಿಸಿ ಕರೆದೊಯ್ದರೆ ಮಗನು ತಾನಾಗಿಯೇ ಒಂದೊಂದು ಕಂಬದಲ್ಲೂ ಗುರುತುಗಳನ್ನು ಹುಡುಕತೊಡಗುತ್ತಾನೆ. ಬುದ್ಧನ ತಾಯಿ ಮಾಯಾದೇವಿಯ ಕನಸಿನಲ್ಲಿ ಆನೆ ಇಳಿದುಬರುವ ಫಲಕವಂತೂ ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ.

ಅದಾದ ಮೇಲೆ ಇಂದಿನ ಪಾಕಿಸ್ತಾನ-ಅಫ್ಘಾನಿಸ್ತಾನ ಭಾಗದ ಗಾಂಧಾರ ಶಿಲ್ಪಗಳು, ಬಿಹಾರದ ರಾಮ್‌ಪುರ್ವಾದ ಅಶೋಕ ಸ್ತಂಭದ ಸಿಂಹಶಿರ, ನಂತರ ಮಮ್ಮಿ. ಉಳಿದದ್ದು ಸಮಯವಿದ್ದಷ್ಟು.

ಕಟ್ಟಡಕ್ಕೂ ಸ್ವಲ್ಪ ಹೊತ್ತು ಮೀಸಲಿಡಿ. ಸಂಸ್ಥೆಯು 1814ರಲ್ಲಿ, ಡೆನ್ಮಾರ್ಕಿನ ಸಸ್ಯವಿಜ್ಞಾನಿ ನಥಾನಿಯಲ್ ವಾಲಿಚ್ ಅವರ ಸಲಹೆಯಂತೆ, ಕೋಲ್ಕತ್ತದ ವಿದ್ವತ್ಸಂಸ್ಥೆಯಾದ ಏಷ್ಯಾಟಿಕ್ ಸೊಸೈಟಿಯ ಆಶ್ರಯದಲ್ಲಿ ಹುಟ್ಟಿತು. ಈಗಿನ ಕಟ್ಟಡವು ವಾಸ್ತುಶಿಲ್ಪಿ ವಾಲ್ಟರ್ ಗ್ರಾನ್‌ವಿಲ್ ರೂಪಿಸಿದ್ದು. 1878ರಲ್ಲಿ ಇದರ ಗ್ಯಾಲರಿಗಳು ಸಾರ್ವಜನಿಕರಿಗೆ ತೆರೆದವು. ನಡುವಿನ ವಿಶಾಲ ಅಂಗಳವನ್ನು ಸುತ್ತುವರಿದ ಸಾಲುಗಂಬಗಳ ಮೊಗಸಾಲೆಯಲ್ಲಿ ನಡೆಯುವಾಗ, ವಸ್ತುಗಳನ್ನು ನೋಡುವುದಕ್ಕಿಂತ ಬೇರೆಯದೇ ಆದ ಒಂದು ಸಂತೋಷ ಸಿಗುತ್ತದೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ (ಕೇಂದ್ರದ ಅಧಿಕಾರಕ್ಕೆ ಸೇರಿದ ವಿಷಯಗಳ ಪಟ್ಟಿಯಲ್ಲಿ) ಈ ಸಂಗ್ರಹಾಲಯವನ್ನು ಹೆಸರಿಸಿ ರಾಷ್ಟ್ರೀಯ ಮಹತ್ವದ ಸಂಸ್ಥೆಗಳೊಡನೆ ಸೇರಿಸಲಾಗಿದೆ ಎಂಬುದನ್ನು ಮಗನಿಗೆ ಹೇಳಿ.

ನಿಮ್ಮ ತಾಯಿಯವರ ವಿಷಯದಲ್ಲಿ ನನ್ನದೊಂದು ಸಲಹೆ: ಮೆಟ್ಟಿಲುಗಳು ದೊಡ್ಡವು, ಮಹಡಿಯ ಎತ್ತರವೂ ಹೆಚ್ಚು, ಒಂದು ಕೊಠಡಿಯಿಂದ ಇನ್ನೊಂದಕ್ಕೆ ನಡೆಯಬೇಕಾದ ದೂರವೇ ಸಾಕಷ್ಟಿದೆ. ಆದ್ದರಿಂದ ಅವರಿಗೆ ನೆಲಮಹಡಿಯನ್ನು ನಿಧಾನವಾಗಿ ತೋರಿಸಿ, ಅವರು ಕುಳಿತು ವಿಶ್ರಮಿಸುವಾಗ ನಿಮ್ಮಲ್ಲೊಬ್ಬರು ಮಗನನ್ನು ಮೇಲಕ್ಕೆ ಕರೆದೊಯ್ಯಬಹುದು. ದುರಸ್ತಿಗಾಗಿ ಕೆಲವು ಗ್ಯಾಲರಿಗಳನ್ನು ಆಗಾಗ ಮುಚ್ಚಿರುತ್ತಾರೆ. ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿಕೊಳ್ಳಿ. ಸೋಮವಾರ ರಜೆ. ಪಾರ್ಕ್ ಸ್ಟ್ರೀಟ್ ಮೆಟ್ರೊ ನಿಲ್ದಾಣದಿಂದ ನಡೆದೇ ತಲುಪಬಹುದು. ಟ್ಯಾಕ್ಸಿಯಾದರೆ, ಅಲ್ಲಿನ ಜನ ಇದನ್ನು ಕರೆಯುವ ಹೆಸರು, ಜಾದೂಘರ್ ಎಂದರೆ ಸಾಕು. ಕಟ್ಟಡ ನಿಮಗೆ ಹಿಡಿಸಿದರೆ ಅದೇ ಗ್ರಾನ್‌ವಿಲ್ ರೂಪಿಸಿದ ಹೈಕೋರ್ಟನ್ನೂ ಜನರಲ್ ಪೋಸ್ಟ್ ಆಫೀಸನ್ನೂ ಮರುದಿನ ಹೊರಗಿನಿಂದ ನೋಡಿ ಬನ್ನಿ.