ಇಪ್ಪತ್ತು ಪೌಂಡಿನ ನೈಟ್‌ನ ಮನೆವಾರ್ತೆ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ಕೆಲವರು ಸೇರಿ ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟವೊಂದನ್ನು ನಡೆಸುತ್ತಿದ್ದೇವೆ. ನಿಯಮಗಳ ಚೌಕಟ್ಟು ಪೆಂಡ್ರಾಗನ್ ಆಟದ್ದು. ಆದರೆ ಕಥೆ ಆರ್ಥರ್ ದೊರೆಯ ಕಾಲದ್ದಲ್ಲ, 1278ರ ಇಂಗ್ಲೆಂಡಿನದು. ಆಟಗಾರರೊಬ್ಬರ ಪಾತ್ರ ಈಗಷ್ಟೇ ನೈಟ್ (ಕವಚ ತೊಟ್ಟು ಕುದುರೆಯ ಮೇಲೆ ಕಾದುವ ಯೋಧನ ಪದವಿ) ಆಗಿದೆ, ವರ್ಷಕ್ಕೆ 20 ಪೌಂಡ್ ಹುಟ್ಟುವಳಿಯ ಜಮೀನಿದೆ. ಆತನ ಆಳುಕಾಳು, ಕುದುರೆ, ಬಿಲ್ಲುಗಾರರು, ಉಗ್ರಾಣ ಎಲ್ಲವನ್ನೂ ನಾನು ಎಕ್ಸೆಲ್ ಶೀಟಿನಲ್ಲಿ ತುಂಬಿಟ್ಟಿದ್ದೇನೆ. ಇದರಿಂದಾಗಿ ಪ್ರತಿ ಸೆಷನ್ನಿನ ಆರಂಭವೆಲ್ಲ ಲೆಕ್ಕಕ್ಕೇ ಹೋಗುತ್ತದೆ, ಉಳಿದವರು ಫೋನ್ ನೋಡುತ್ತ ಕೂರುತ್ತಾರೆ. ಲೆಕ್ಕವನ್ನು ಪೂರ್ತಿ ಕೈಬಿಟ್ಟರೆ ಪರಿವಾರ ಹೆಸರಿಗಷ್ಟೇ ಉಳಿಯುತ್ತದೆ. ಮಧ್ಯಯುಗದ ಇತಿಹಾಸ ಪಾಠ ಮಾಡುವ, ಆಟವನ್ನೂ ನಡೆಸುವ ನೀವು ಇದಕ್ಕೆ ದಾರಿ ಹೇಳಬಹುದೇ?

ಉತ್ತರ: ನಮಸ್ಕಾರ. ನೀವು ಆರಿಸಿಕೊಂಡ ವರ್ಷ ಚೆನ್ನಾಗಿದೆ. ವರ್ಷಕ್ಕೆ 20 ಪೌಂಡ್ ಆದಾಯದ ಜಮೀನುಳ್ಳವರೆಲ್ಲರೂ ನೈಟ್ ಪದವಿ ಸ್ವೀಕರಿಸಲೇಬೇಕೆಂದು ದೊರೆ ಒಂದನೆಯ ಎಡ್ವರ್ಡ್ ಆಜ್ಞೆ ಹೊರಡಿಸಿದ್ದು 1278ರಲ್ಲಿಯೇ. ಹೀಗೆ ಒತ್ತಾಯ ಮಾಡಬೇಕಾಗಿ ಬಂದದ್ದೇಕೆಂದರೆ, ಕುದುರೆ, ಕವಚ, ಅನುಚರರು ಇವುಗಳ ಖರ್ಚಿಗೆ ಅಂಜಿ ಅನುಕೂಲಸ್ಥರೂ ಆ ಗೌರವದಿಂದ ನುಣುಚಿಕೊಳ್ಳುತ್ತಿದ್ದರು. ಅಂದರೆ ನಿಮ್ಮ ಆಟಗಾರರ ಪಾತ್ರ ಆ ಅಂತಸ್ತಿನ ಕೊನೆಯ ಮೆಟ್ಟಿಲಿನಲ್ಲಿ ನಿಂತಿದೆ, ಮತ್ತು ಇಷ್ಟವಿಲ್ಲದೆಯೇ ನಿಂತಿರಬಹುದು. ಕಥೆ ಅಲ್ಲಿಂದಲೇ ಶುರುವಾಗಲಿ.

ಒಂದು ಲೆಕ್ಕ ಮಾತ್ರ ಮಾಡೋಣ, ಅದು ಮುಂದಿನದಕ್ಕೆಲ್ಲ ಸಾಕಾಗುತ್ತದೆ. ಒಂದು ಪೌಂಡಿಗೆ 240 ಪೆನ್ನಿ. 20 ಪೌಂಡ್ ಎಂದರೆ 4,800 ಪೆನ್ನಿ. ಎಡ್ವರ್ಡನ ಸೇನೆಯಲ್ಲಿ ಕಾಲಾಳು ಬಿಲ್ಲುಗಾರನ ದಿನಗೂಲಿ 2 ಪೆನ್ನಿ. ಇಬ್ಬರು ಬಿಲ್ಲುಗಾರರನ್ನು ಕೂಲಿಯ ಮೇಲೆ ವರ್ಷವಿಡೀ ಇಟ್ಟುಕೊಂಡರೆ 1,460 ಪೆನ್ನಿ, ಅಂದರೆ ಆರು ಪೌಂಡಿಗೂ ಮೇಲೆ. ಹುಟ್ಟುವಳಿಯ ಮೂರನೆಯ ಒಂದು ಭಾಗದಷ್ಟು ಅಲ್ಲಿಗೇ ಮುಗಿಯಿತು. ಆದ್ದರಿಂದ ಇಂಥ ನೈಟ್‌ಗೆ ಸದಾಕಾಲ ಕಾವಲು ಕಾಯುವ ಸಂಬಳದ ಪಡೆ ಇರುವುದು ಸಾಧ್ಯವಿಲ್ಲ. ನಿಮ್ಮ ಶೀಟಿನಲ್ಲಿ ಅಂಥ ಸಾಲೇನಾದರೂ ಇದ್ದರೆ ದಯವಿಟ್ಟು ಅಳಿಸಿಬಿಡಿ. ಅವನ ಬಳಿ ಇರುವವರು ಅನ್ನ, ಬಟ್ಟೆ, ತುಂಡು ಜಮೀನು ಇವುಗಳ ಋಣದಲ್ಲಿ ಇರುವವರು. ದಂಡಯಾತ್ರೆಗೆ ಬೇಕಾದ ಉಳಿದವರನ್ನು ಆಗ ಮಾತ್ರ ಕೂಡಿಸಿಕೊಳ್ಳುತ್ತಾನೆ. ದಂಡಿನಲ್ಲಿ ನೈಟ್‌ಗೆ ದೊರೆಯಿಂದ ದಿನಕ್ಕೆ 2 ಶಿಲಿಂಗ್ (ಒಂದು ಶಿಲಿಂಗಿಗೆ 12 ಪೆನ್ನಿ), ಅವನ ಜೊತೆಗಿರುವ ಸಹಾಯಕ ಯೋಧನಾದ ಸ್ಕ್ವೈರ್‌ಗೆ 1 ಶಿಲಿಂಗ್ ಸಲ್ಲುತ್ತಿತ್ತು. ಹೀಗಾಗಿ ಸಣ್ಣ ನೈಟ್‌ನ ಪಾಲಿಗೆ 1282ರ ವೇಲ್ಸ್ ಯುದ್ಧ ಅಪಾಯವೂ ಹೌದು, ವರಮಾನವೂ ಹೌದು.

ಮನೆಯೊಳಗೆ ಯಾರಿರಬೇಕು ಎಂಬುದನ್ನು ಬೇಗ ಮುಗಿಸುತ್ತೇನೆ. ಸ್ಟೀವರ್ಡ್, ಮಾರ್ಷಲ್, ಚೇಂಬರ್ಲೇನ್ ಎಂದು ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಅಧಿಕಾರಿ ಇರುವುದು ಅರ್ಲ್‌ಗಳಂಥ ದೊಡ್ಡ ಸರದಾರರ ಮನೆಯಲ್ಲಿ. ನಿಮ್ಮ ನೈಟ್‌ನ ಮನೆಯಲ್ಲಿ ಒಬ್ಬ ಸ್ಕ್ವೈರ್, ಯುದ್ಧದ ಕುದುರೆಗೊಬ್ಬ ಕಾಸ್ತಾರ, ಹೊರೆಕುದುರೆಗೊಬ್ಬ ಹುಡುಗ, ಅಡುಗೆಯವನು ಮತ್ತು ಅವನ ಕೈಕೆಳಗಿನವನು, ರೊಟ್ಟಿ ಹಾಗೂ ಪಾನೀಯದ ಉಗ್ರಾಣ ನೋಡುವ ಒಬ್ಬ, ಓದುಬರಹ ಬಲ್ಲ ಪಾದ್ರಿ, ಬಟ್ಟೆ ಒಗೆಯುವ ಹೆಂಗಸು, ಮಕ್ಕಳಿದ್ದರೆ ದಾದಿ. ಇಷ್ಟು ಜನಕ್ಕೆ ಹೆಸರು ಕೊಟ್ಟರೆ ಸಾಕು. ಹೊಲದ ಕಡೆ ರೀವ್ ಒಬ್ಬನಿರಲಿ. ಅವನು ಸಾಮಾನ್ಯವಾಗಿ ಊರಿನ ಒಕ್ಕಲಲ್ಲೇ ಒಬ್ಬ, ಅನೇಕ ಕಡೆ ಬಿಟ್ಟಿದುಡಿಮೆಗೆ ಕಟ್ಟುಬಿದ್ದವನು, ಆದರೂ ಒಡೆಯನ ಬೆಳೆಗೆ ಲೆಕ್ಕ ಒಪ್ಪಿಸಬೇಕಾದವನು.

ಇನ್ನು ನಿಮ್ಮ ಮುಖ್ಯ ಸಮಸ್ಯೆ. ಹಣವನ್ನು ಎಣಿಸುವುದನ್ನು ಬಿಟ್ಟು ಋಣವನ್ನು ಎಣಿಸಿರಿ ಎಂಬುದೇ ನನ್ನ ಸಲಹೆ. ಪ್ರತಿಯೊಬ್ಬ ಅನುಚರನಿಗೂ ಒಂದು ಕಾರ್ಡ್ ಮಾಡಿ, ಅದರಲ್ಲಿ ಅವನ ಹೆಸರು, ಒಡೆಯ ಅವನಿಗೆ ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬ ಮೂರೇ ಸಂಗತಿಗಳನ್ನು ಬರೆಯಿರಿ. ಕೊಡುವ ದಿನಗಳನ್ನು ಆ ಕಾಲದ ಪಂಚಾಂಗವೇ ನಿಗದಿ ಮಾಡಿದೆ. ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬಕ್ಕೆ ಜಮೀನಿನ ಲೆಕ್ಕ ಮುಗಿದು ಹೊಸ ವರ್ಷದ ಲೆಕ್ಕ ತೆರೆಯುತ್ತದೆ. ಕ್ರಿಸ್‌ಮಸ್ ಮತ್ತು ಪೆಂತೆಕೋಸ್ತ್ (ಈಸ್ಟರ್ ಕಳೆದು ಏಳು ವಾರಕ್ಕೆ ಬರುವುದು) ಹಬ್ಬಗಳು ಪರಿವಾರದವರಿಗೆ ನಿಲುವಂಗಿ ಹಂಚುವ ಕಾಲ. ಪೆಂಡ್ರಾಗನ್‌ನಲ್ಲಿ ಸಾಹಸ ಮುಗಿದ ಮೇಲೆ ಬರುವ ಚಳಿಗಾಲದ ಹಂತ ನಿಮಗೆ ಗೊತ್ತಿರುವುದೇ. ಕುದುರೆ ಬದುಕಿತೇ, ಮಗು ಹುಟ್ಟಿತೇ, ಜಮೀನು ಏನು ಕೊಟ್ಟಿತು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅದನ್ನು ಒಡೆದು ಈ ಮೂರು ದಿನಗಳಿಗೆ ಹಂಚಿಬಿಡಿ. ಉಳಿದ ದಿನಗಳಲ್ಲಿ ಲೆಕ್ಕದ ಮಾತೇ ಬೇಡ.

ಮೇಜಿನ ಮೇಲೆ ಕಾಗದದ ಬದಲು ಕಡ್ಡಿಗಳನ್ನಿಟ್ಟರೆ ಇನ್ನೂ ಸೊಗಸು. ಆ ಕಾಲದಲ್ಲಿ ಸಾಲ ಮತ್ತು ಪಾವತಿಯನ್ನು ಕಡ್ಡಿಯ ಮೇಲೆ ಕಚ್ಚು ಕೊಯ್ದು ಗುರುತು ಮಾಡಿ, ಕಡ್ಡಿಯನ್ನು ಉದ್ದಕ್ಕೆ ಸೀಳಿ, ಕೊಟ್ಟವನೊಂದು ಹೋಳು ಪಡೆದವನೊಂದು ಹೋಳು ಇಟ್ಟುಕೊಳ್ಳುತ್ತಿದ್ದರು. ದೊರೆಯ ಖಜಾನೆಯಲ್ಲಿ ಒಂದು ಪೌಂಡಿನ ಕಚ್ಚು ಬಾರ್ಲಿ ಕಾಳಿನಷ್ಟು ದಪ್ಪ, ನೂರು ಪೌಂಡಿನದು ಹೆಬ್ಬೆರಳಿನಷ್ಟು. ಐಸ್‌ಕ್ರೀಂ ಕಡ್ಡಿಯಲ್ಲಿ ಇದನ್ನು ಮಾಡಬಹುದು. ಎರಡು ಹೋಳುಗಳ ಕಚ್ಚು ಕೂಡದೆ ಹೋದ ದಿನ ರೀವ್‌ನ ಮುಖ ಹೇಗಿರುತ್ತದೆ ಎಂಬುದನ್ನು ನೀವೇ ಅಭಿನಯಿಸಿ ತೋರಿಸಬೇಕಾಗುತ್ತದೆ!

ಮರುಪ್ರಶ್ನೆ: ತುಂಬ ಧನ್ಯವಾದಗಳು ಸರ್. ಕಾರ್ಡಿನ ಉಪಾಯ ಹಿಡಿಸಿತು. ಆದರೆ ಕೊಡಬೇಕಾದ್ದನ್ನು ಒಡೆಯ ಕೊಡದಿದ್ದರೆ ಏನು ಮಾಡಬೇಕು? ಪ್ರತಿ ಅನುಚರನಿಗೂ ಅಂಕದಲ್ಲಿ ನಿಷ್ಠೆ ಇಟ್ಟು ಡೈಸ್ ಉರುಳಿಸಬೇಕೇ?

ಉತ್ತರ: ಅಂಕವಿರಲಿ, ಆದರೆ ಡೈಸನ್ನು ಮಾತು ತಪ್ಪಿದಾಗ ಮಾತ್ರ ಮುಟ್ಟಿರಿ. ಕೊಡಬೇಕಾದ್ದು ಸಂದಿದ್ದರೆ ಅನುಚರ ತನ್ನ ಕೆಲಸ ಮಾಡುತ್ತಾನೆ, ಅಷ್ಟೇ. ಸಲ್ಲದಿದ್ದರೂ ತಕ್ಷಣ ಬಿಟ್ಟುಹೋಗುವುದಿಲ್ಲ. ನಿಷ್ಠೆ ಒಂದು ಅಂಕ ಇಳಿಯುತ್ತದೆ ಮತ್ತು ಅವನು ಏನೋ ಒಂದನ್ನು ಮಾಡುತ್ತಾನೆ. ಆ ‘ಏನೋ ಒಂದು’ ಎಂಬುದೇ ನಿಮ್ಮ ಮುಂದಿನ ಸೆಷನ್.

ಇದಕ್ಕೆ ವಿಲಿಯಂ ಮಾರ್ಷಲ್‌ನ ಬಾಳಿಗಿಂತ ಒಳ್ಳೆಯ ಮಾದರಿ ಸಿಗಲಾರದು. ಮುಂದೆ ಪೆಂಬ್ರೋಕ್‌ನ ಅರ್ಲ್ ಆಗಿ, ಬಾಲಕ ದೊರೆ ಮೂರನೆಯ ಹೆನ್ರಿಯ ಪರವಾಗಿ ರಾಜ್ಯಭಾರವನ್ನೇ ನಡೆಸಿದ ಈತ 1160ರ ದಶಕದಲ್ಲಿ ನಾರ್ಮಂಡಿಯ ಟಾಂಕರ್‌ವಿಲ್ ಒಡೆಯನ ಮನೆಯಲ್ಲಿ ಒಬ್ಬ ಎಳೆಯ ನೈಟ್. ಮೊದಲ ಕದನದಲ್ಲಿಯೇ ಒಡೆಯನಿಗಾಗಿ ಹೋರಾಡುತ್ತಿದ್ದಾಗ ವಿಲಿಯಂನ ಕುದುರೆ ಸತ್ತಿತು. ಒಡೆಯ ಬದಲಿ ಕುದುರೆ ಕೊಡಲಿಲ್ಲ. ಹುಡುಗ ತನ್ನ ಮೇಲಂಗಿಯನ್ನು 22 ಶಿಲಿಂಗ್‌ಗೆ ಮಾರಿ ಸಾಧಾರಣ ಕುದುರೆಯೊಂದನ್ನು ಕೊಂಡುಕೊಂಡ. ಮುಂದೆ ಟೂರ್ನಮೆಂಟಿಗೆ (ನೈಟ್‌ಗಳ ಅಣಕು ಕಾಳಗದ ಪಂದ್ಯ) ಹೊರಟಾಗಲೂ ಕುದುರೆ ಹಂಚಿಕೆಯಲ್ಲಿ ಇವನ ಪಾಲು ಮರೆತುಹೋಗಿ, ಕೊನೆಗೆ ಉಳಿದಿದ್ದ ಪುಂಡ ಕುದುರೆಯೇ ಗತಿಯಾಯಿತು. ಇಲ್ಲಿ ಎಷ್ಟು ಆಟ ಅಡಗಿದೆ ನೋಡಿರಿ: ಕುದುರೆ ಕಳೆದುಕೊಂಡವನಿಗೆ ಬದಲಿ ಕೊಡಬೇಕಾದದ್ದು ಒಡೆಯನ ಧರ್ಮ ಎಂಬ ನಿರೀಕ್ಷೆ, ಅದು ತಪ್ಪಿದಾಗ ಮೈಮೇಲಿನ ಬಟ್ಟೆಯನ್ನೇ ಮಾರಿಕೊಳ್ಳುವ ಅವಮಾನ, ಆಮೇಲೆ ಟೂರ್ನಮೆಂಟಿನಲ್ಲಿ ಗೆದ್ದ ಕುದುರೆಗಳಿಂದಲೇ ಸ್ವಂತ ಕಾಲ ಮೇಲೆ ನಿಲ್ಲುವ ಅವಕಾಶ. ಎಡ್ವರ್ಡನ ಕಾಲಕ್ಕೆ ಈ ನಿರೀಕ್ಷೆ ಕಡತಕ್ಕೇ ಏರಿತ್ತು. ದಂಡಿಗೆ ಬಂದ ಕುದುರೆಗಳಿಗೆ ಮೊದಲೇ ಬೆಲೆ ಕಟ್ಟಿ, ಮೈಬಣ್ಣ ಮತ್ತು ಗುರುತು ಬರೆದಿಟ್ಟು, ಯುದ್ಧದಲ್ಲಿ ಸತ್ತರೆ ದೊರೆಯ ಖಜಾನೆಯಿಂದ ಪರಿಹಾರ ಕೊಡುತ್ತಿದ್ದರು. ನಿಮ್ಮ ಆಟಗಾರರು ಕುದುರೆಯ ಬೆಲೆಯನ್ನು ಹೆಚ್ಚು ಬರೆಸಲು ಗುಮಾಸ್ತನ ಮುಂದೆ ವಾದಿಸುವ ದೃಶ್ಯವೊಂದನ್ನು ಖಂಡಿತ ಇಡಿ.

ಮಾರ್ಷಲ್‌ನ ಕಥೆಯ ಇನ್ನೊಂದು ತುದಿಯೂ ನಿಮಗೆ ಬೇಕಾಗುತ್ತದೆ. 1219ರ ಮೇ ತಿಂಗಳಲ್ಲಿ ಆತ ಸಾವಿನ ಹಾಸಿಗೆಯಲ್ಲಿದ್ದಾಗ, ಉಗ್ರಾಣದಲ್ಲಿದ್ದ ತುಪ್ಪುಳಿನ ಅಂಚಿನ ಬೆಲೆಬಾಳುವ ನಿಲುವಂಗಿಗಳನ್ನು ಮಾರಿ ಆ ಹಣವನ್ನು ಅವನ ಆತ್ಮದ ಸದ್ಗತಿಗೆ ಬಳಸಬಹುದೆಂದು ಪಾದ್ರಿಯೊಬ್ಬ ಸೂಚಿಸಿದ. ಮಾರ್ಷಲ್ ಕೆರಳಿದ. ಪೆಂತೆಕೋಸ್ತ್ ಹತ್ತಿರ ಬಂದಿದೆ, ನನ್ನ ನೈಟ್‌ಗಳಿಗೆ ಅವರ ನಿಲುವಂಗಿ ಸಲ್ಲಬೇಕು, ನನ್ನ ಕೈಯಿಂದ ಅವರಿಗೆ ಸಲ್ಲುವುದು ಇದೇ ಕೊನೆಯ ಸಲ ಎಂಬುದು ಅವನ ಮಾತಿನ ಸಾರ. ಆಟದ ನಿಯಮವಾಗಿ ಹೇಳುವುದಾದರೆ, ಒಡೆಯ ತನಗೆ ಅತ್ಯಂತ ಕಷ್ಟವಾದ ಹೊತ್ತಿನಲ್ಲಿ ಕೊಟ್ಟ ನಿಲುವಂಗಿಗೆ ಎರಡು ಅಂಕ. ಅನುಕೂಲವಿದ್ದಾಗ ಕೊಟ್ಟದ್ದಕ್ಕೆ ಅಂಕವೇ ಇಲ್ಲ, ಅದು ಬರಿಯ ಸಲ್ಲಿಕೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಾನು ಅದೇ ಗುಂಪಿನ ಆಟಗಾರ್ತಿ. ನೈಟ್ ಒಬ್ಬರದೇ ಆದರೆ ಉಳಿದವರು ಈ ಮನೆವಾರ್ತೆಯಲ್ಲಿ ಮಾಡುವುದೇನು?

ಉತ್ತರ: ಮೇಡಂ, ಪರಿವಾರವನ್ನೇ ನೀವೆಲ್ಲ ಹಂಚಿಕೊಳ್ಳಿರಿ. ಪಾದ್ರಿ, ಸ್ಕ್ವೈರ್, ರೀವ್ ಮತ್ತು ಮನೆಯೊಡತಿ, ಈ ನಾಲ್ಕು ಎರಡನೆಯ ಪಾತ್ರಗಳಾಗಲಿ. ಮನೆಯೊಡತಿಯ ಪಾತ್ರ ಅಲಂಕಾರದ್ದಲ್ಲ. ಗಂಡ ದಂಡಿಗೆ ಹೋದಾಗ ಮನೆ, ಜಮೀನು, ಬೇಕಾದರೆ ಕೋಟೆಯ ರಕ್ಷಣೆ ಎಲ್ಲವೂ ಅವಳದು. ಲೆಸ್ಟರ್‌ನ ಕೌಂಟೆಸ್ (ಅರ್ಲ್‌ನ ಹೆಂಡತಿ) ಎಲೀನರ್ ಡಿ ಮಾಂಟ್‌ಫರ್ಟ್ ಅವರ 1265ರ ದಿನವಹಿ ಲೆಕ್ಕದ ಸುರುಳಿ ಇಂದಿಗೂ ಉಳಿದಿದೆ. ರೊಟ್ಟಿಯ ಧಾನ್ಯ, ವೈನ್ ಮತ್ತು ಏಲ್, ಅಡುಗೆಮನೆ, ಲಾಯ ಎಂದು ವಿಭಾಗ ಮಾಡಿ ದಿನದಿನದ ಖರ್ಚು, ಆ ದಿನ ಇದ್ದ ಅತಿಥಿಗಳು ಯಾರು, ರಾತ್ರಿ ಲಾಯದಲ್ಲಿ ಕುದುರೆ ಎಷ್ಟು ಎಂದು ಗುಮಾಸ್ತರು ಬರೆದಿದ್ದಾರೆ. ಮಾರ್ಚ್ ತಿಂಗಳಲ್ಲಿ ಗಂಡ ಸೈಮನ್ ತನ್ನ ದಂಡಿನೊಡನೆ ಓಡಿಯಂ ಕೋಟೆಗೆ ಬಂದಾಗ ಕುದುರೆಗಳ ಸಂಖ್ಯೆ ಮುನ್ನೂರನ್ನು ದಾಟಿತ್ತು. ಆ ಆಗಸ್ಟ್ 4ರಂದು ಸೈಮನ್ ಈವ್‌ಶಂ ಕದನದಲ್ಲಿ ಮಡಿದಾಗ ಎಲೀನರ್ ಡೋವರ್ ಕೋಟೆಯಲ್ಲಿದ್ದರು. ನಿಮ್ಮ ಮನೆ ಅಷ್ಟು ದೊಡ್ಡದಲ್ಲ. ನಿಮ್ಮ ಮಟ್ಟಕ್ಕೆ ಹತ್ತು ಕುದುರೆಯ ಅತಿಥಿಯೊಬ್ಬ ಲೆಂಟ್ ಉಪವಾಸದ ಕಾಲದಲ್ಲಿ, ಮಾಂಸ ನಿಷಿದ್ಧವಾಗಿ ಉಪ್ಪು ಹೆರ್ರಿಂಗ್ ಮೀನು ಮಾತ್ರ ಉಳಿದಿರುವಾಗ ಬಂದಿಳಿದರೆ ಅದೇ ಮುತ್ತಿಗೆ. ಅವನನ್ನು ಹೋಗೆನ್ನುವಂತಿಲ್ಲ, ಇರೆನ್ನುವಂತೆಯೂ ಇಲ್ಲ.

ಮರುಪ್ರಶ್ನೆ: ಅಂಥ ಅತಿಥಿಯ ಊಟದ ದೃಶ್ಯವನ್ನು ಹೇಗೆ ನಡೆಸುವುದು ಸರ್? ನಮ್ಮಲ್ಲಿ ಅದು ಎರಡು ಮಾತಿಗೇ ಮುಗಿದುಬಿಡುತ್ತದೆ.

ಉತ್ತರ: ಕೂರುವ ಜಾಗದಿಂದ ಶುರುಮಾಡಿರಿ. ಲಿಂಕನ್‌ನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ 1240ರ ಸುಮಾರಿಗೆ ಲಿಂಕನ್‌ನ ಕೌಂಟೆಸ್‌ಗೆ ಮನೆವಾರ್ತೆಯ ನಿಯಮಗಳನ್ನು ಬರೆದುಕೊಟ್ಟಿದ್ದರು. ಒಡತಿ ಕೋಣೆಯಲ್ಲಿ ಗುಟ್ಟಾಗಿ ಉಣ್ಣದೆ ದೊಡ್ಡ ಹಜಾರದಲ್ಲಿ ಪರಿವಾರದ ಎದುರಿಗೇ ಊಟಕ್ಕೆ ಕೂರಬೇಕು, ಕೋಣೆಯ ಊಟದಿಂದ ದುಂದು ಹೆಚ್ಚುತ್ತದೆ, ಮರ್ಯಾದೆಯೂ ಬರುವುದಿಲ್ಲ. ತಾನು ಕೊಟ್ಟ ನಿಲುವಂಗಿಯನ್ನೇ ನೈಟ್‌ಗಳು ಊಟದ ಹೊತ್ತಿಗೆ ತೊಟ್ಟಿರಬೇಕು, ಕೊಳೆಯಾದ ಹಳೆಯ ಅಂಗಿಗಳಲ್ಲಿ ಬರಕೂಡದು ಎಂಬವು ಅವುಗಳಲ್ಲಿ ಸೇರಿವೆ. ಹೀಗಾಗಿ ಊಟದ ಹಜಾರ ನಿಮ್ಮ ಕಾರ್ಡುಗಳೆಲ್ಲ ಒಟ್ಟಿಗೆ ಬಯಲಾಗುವ ಜಾಗ. ನಿಲುವಂಗಿ ಸಿಗದವನು ಯಾವುದನ್ನು ತೊಟ್ಟು ಬಂದ, ಅತಿಥಿಗಾಗಿ ಯಾರ ಜಾಗ ಒಂದು ಬೆಂಚು ಕೆಳಕ್ಕೆ ಸರಿಯಿತು, ಒಡೆಯ ತನ್ನ ತಟ್ಟೆಯಿಂದ ಯಾರಿಗೆ ಒಂದು ತುಣುಕು ಕಳಿಸಿದ ಎಂಬ ಮೂರು ಪ್ರಶ್ನೆಗಳನ್ನು ಆಟಗಾರರ ಮುಂದಿಡಿ. ಉತ್ತರವನ್ನು ಮನೆಯೊಡತಿಯ ಪಾತ್ರ ಮಾಡುವವರೇ ಕೊಡಲಿ, ಏಕೆಂದರೆ ಹಜಾರದ ಮರ್ಯಾದೆ ಅವರ ಜವಾಬ್ದಾರಿ. ಕೆಳಕ್ಕೆ ಸರಿದವನ ಕಾರ್ಡನ್ನು ಮೊದಲು ತಿರುವಿರಿ. ಅವನಿಗೆ ಕಳೆದ ಕ್ರಿಸ್‌ಮಸ್‌ನ ನಿಲುವಂಗಿಯೂ ಬಾಕಿಯಿದ್ದರೆ, ಅತಿಥಿಯ ಸ್ಕ್ವೈರ್ ಆ ರಾತ್ರಿ ಲಾಯದಲ್ಲಿ ಅವನೊಡನೆ ಮಾತಿಗಿಳಿಯುತ್ತಾನೆ.