ಒಂಬತ್ತನೇ ಅಧ್ಯಾಯದ ಪ್ರೀತಿಯನ್ನು ಓದುಗರು ನಂಬುತ್ತಿಲ್ಲ: ಸಲಹೆ ಬೇಕು

ತುಂಗಾತೀರ:
ತೀರ್ಥಹಳ್ಳಿ ಕಡೆಯ ತೋಟದ ಮನೆಯ ಹುಡುಗಿ ಮತ್ತು ಆ ಊರಿಗೆ ವರ್ಗವಾಗಿ ಬಂದ ಮೇಷ್ಟ್ರನ್ನು ಕುರಿತು ಕಾದಂಬರಿ ಬರೆಯುತ್ತಿದ್ದೇನೆ. ಒಂಬತ್ತನೇ ಅಧ್ಯಾಯದಲ್ಲಿ ಆಕೆ ಒಪ್ಪಿಗೆ ಕೊಡುತ್ತಾಳೆ. ಓದಿದವರೆಲ್ಲ ‘ಇವಳಿಗೆ ಪ್ರೀತಿ ಹುಟ್ಟಿದ್ದು ಯಾವಾಗ?’ ಎಂದೇ ಕೇಳುತ್ತಾರೆ. ಸಂಭಾಷಣೆಯನ್ನು ತಿದ್ದಿ ತಿದ್ದಿ ಸಾಕಾಗಿದೆ.

ಹೊಸನಗರದ ಓದುಗ:
ಅಡ್ಡಿಯಿಲ್ಲದ ಪ್ರೀತಿಗೆ ತೂಕವಿರುವುದಿಲ್ಲ. ಮನೆಯವರ ವಿರೋಧ ಮೊದಲೇ ಬರಲಿ.

ತುಂಗಾತೀರ:
ವಿರೋಧವಿದೆ. ಅಪ್ಪ ಮಗಳೊಂದಿಗೆ ಮಾತನ್ನೇ ಬಿಟ್ಟಿದ್ದಾರೆ.

ಹೊಸನಗರದ ಓದುಗ:
ಅಷ್ಟು ಸಾಲದು. ಜಾತಿ, ತೋಟದ ಮೇಲಿನ ಸಾಲ, ಬೇರೆ ಸಂಬಂಧದ ಒತ್ತಾಯ, ಎಲ್ಲವನ್ನೂ ಬಿಗಿ ಮಾಡಿ.

ಸಾಗರದವಳು:
ಹಾಗೆ ಮಾಡಿದರೆ ಅಪ್ಪನ ಹಟವನ್ನು ನಂಬುತ್ತಾರೆ, ಮಗಳ ಮನಸ್ಸನ್ನಲ್ಲ. ಇಬ್ಬರೂ ಎಲ್ಲೆಲ್ಲಿ ಭೇಟಿಯಾಗುತ್ತಾರೆ?

ತುಂಗಾತೀರ:
ಮೊದಲು ಬಸ್ಸಿನಲ್ಲಿ, ಅನಂತರ ಮಳೆಗೆ ಸಿಕ್ಕಿ ಅಂಗಡಿಯ ಜಗಲಿಯಲ್ಲಿ, ಕೊನೆಗೆ ಆಷಾಢದ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವಾಗ.

ತೋಟದ ದಾರಿ:
ಆಷಾಢದಲ್ಲಿ ಸುಲಿತವೆಲ್ಲಿ ಬಂತು? ಅದು ಕೊಳೆರೋಗಕ್ಕೆ ಹೆದರಿ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲ.

ಹೊಸನಗರದ ಓದುಗ:
ಚಾಲಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಡಿಕೆಯನ್ನು, ಮಳೆಗಾಲದಲ್ಲೂ ಸುಲಿಯುತ್ತಾರೆ.

ತೋಟದ ದಾರಿ:
ಸುಲಿಯುತ್ತಾರೆ, ಆದರೆ ಆ ಮಳೆಯಲ್ಲಿ ಅಂಗಳದಲ್ಲಿ ಕೂತಲ್ಲ. ತೀರ್ಥಹಳ್ಳಿ ಕಡೆ ಹೆಚ್ಚಿನವರು ಹಸಿ ಅಡಿಕೆ ಸುಲಿದು ಬೇಯಿಸುವವರು. ದೃಶ್ಯವನ್ನು ದೀಪಾವಳಿಯ ನಂತರಕ್ಕೆ ಸರಿಸಿ.

ಸಾಗರದವಳು:
ಕಾಲವನ್ನು ಖಂಡಿತ ಸರಿಪಡಿಸಿ, ಆದರೆ ತೊಡಕು ಅಲ್ಲಿಲ್ಲ. ಮೂರು ಭೇಟಿಗಳೂ ಆಕಸ್ಮಿಕ. ಆಕೆ ತಾನಾಗಿ ಇಟ್ಟ ಹೆಜ್ಜೆ ಒಂದೂ ಕಾಣುವುದಿಲ್ಲ. ಸುಲಿತದ ರಾತ್ರಿಯನ್ನೇ ಗಟ್ಟಿಯಾಗಿ ಹಿಡಿಯಿರಿ. ಸುಲಿದ ಅಳತೆಯ ಮೇಲೆ ಕೂಲಿಯಾದ್ದರಿಂದ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಭ್ಯಾಸವಿಲ್ಲದ ಮೇಷ್ಟ್ರು ತಾನು ಸುಲಿದ ನಾಲ್ಕು ಹಿಡಿ ಅಡಿಕೆಯನ್ನು ಪಕ್ಕದ ಮುದುಕಿಯ ಬುಟ್ಟಿಗೆ ಸದ್ದಿಲ್ಲದೆ ಸುರಿಯಲಿ. ಹುಡುಗಿ ಅದನ್ನು ಕಂಡೂ ಏನೂ ಹೇಳದಿರಲಿ. ಕಂಡದ್ದರಿಂದ ಅವಳ ನಡೆ ಬದಲಾಗಬೇಕು, ಆ ನಡೆಗೆ ಅವಳು ಏನನ್ನಾದರೂ ತೆರಬೇಕು. ಆಗ ಒಪ್ಪಿಗೆಯ ಮಾತು ತಡವಾಗಿ ಬಂದರೂ ಓದುಗರಿಗೆ ಮೊದಲೇ ಗೊತ್ತಿರುತ್ತದೆ.

ತುಂಗಾತೀರ:
ಅವಳು ಕಂಡದ್ದನ್ನು ಹೇಳುವುದು ಹೇಗೆ? ಇಡೀ ಕಥೆಯನ್ನು ಹೇಳುವವನು ಮೇಷ್ಟ್ರೇ.

ಸಾಗರದವಳು:
ಇದೇ ಮುಖ್ಯ ವಿಷಯ. ಹಾಗಾದರೆ ಅವಳ ಒಳಮನಸ್ಸು ನಿಮಗೆ ಸಿಗುವುದಿಲ್ಲ, ಕೈಕೆಲಸ ಮಾತ್ರ ಸಿಗುತ್ತದೆ. ಮರುದಿನ ಆಕೆ ಮನೆಯವರ ಸಾಲು ಬಿಟ್ಟು, ಮೆಟ್ಟುಗತ್ತಿಯನ್ನು ಮುದುಕಿಯ ಪಕ್ಕಕ್ಕೆ ತಂದಿಟ್ಟುಕೊಳ್ಳಲಿ. ಮೇಷ್ಟ್ರು ಅದನ್ನು ಜಾಗದ ಅನುಕೂಲವೆಂದು ತಿಳಿಯಲಿ. ಅವನಿಗೆ ತಿಳಿಯದ್ದು ಓದುಗರಿಗೆ ತಿಳಿಯುತ್ತದೆ.

ಹೊಸನಗರದ ಓದುಗ:
ವಿರೋಧದ ಮಾತನ್ನು ನಾನು ಈಗಲೂ ಬಿಡುವುದಿಲ್ಲ. ಮಗಳು ಜಾಗ ಬದಲಿಸಿದ್ದರ ಅರ್ಥ ಎಲ್ಲರಿಗಿಂತ ಮೊದಲು ಅಪ್ಪನಿಗೆ ಆಗಲಿ, ಅವರು ಮಾತು ಬಿಡುವುದು ಆ ರಾತ್ರಿಯಿಂದಲೇ ಆರಂಭವಾಗಲಿ.

ತುಂಗಾತೀರ:
ಅಪ್ಪ ಮಾತು ಬಿಡುವುದು ಈಗ ಎಂಟನೇ ಅಧ್ಯಾಯದಲ್ಲಿದೆ. ಅದನ್ನು ಐದಕ್ಕೆ ತಂದು ಬರೆದು ನೋಡುತ್ತೇನೆ.