ಅಪ್ಪನ ಹಳೆ ವೆಬ್ಲಿ ರಿವಾಲ್ವರ್: ಹಾರಿಸಿ ನೋಡಲಾ, ಮಾರಿಬಿಡಲಾ?

ಧಾರವಾಡದಿಂದ ಕೇಳುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ಇಂಗ್ಲೆಂಡಿನ .32 ವೆಬ್ಲಿ (.32 ಅಂದರೆ ಗುಂಡಿನ ಅಳತೆ, ಇಂಚಿನಲ್ಲಿ), 3 ಇಂಚಿನ ನಳಿಗೆ, ನಡು ಮಡಚಿ ತೆರೆಯುವಂಥದ್ದು. 20 ವರ್ಷದಿಂದ ಹಾರಿಸಿಲ್ಲ. ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿ, ವಿದ್ಯಾನಗರ: ನಾನು ಇಂಥದ್ದೇ 1,80,000ಕ್ಕೆ ಕೊಂಡೆ. ಆಮದು ನಿಂತ ಮೇಲೆ ವಿಲಾಯತಿ ಗನ್ನಿಗೆ ಈ ರೇಟು. ಹೊಳಪು ನೋಡಿ ಮೋಸ ಹೋದೆ. ಗುರಿ ಅಭ್ಯಾಸದ ರೇಂಜಿನಲ್ಲಿ ಮೂರನೇ ಗುಂಡಿಗೇ ಸೀಸದ ಚೂರು ಪಕ್ಕಕ್ಕೆ ಸಿಡಿದು ಹೆಬ್ಬೆರಳಿಗೆ ಚುಚ್ಚಿತು. ಸಿಲಿಂಡರಿನಲ್ಲಿ ತೋಟಾ ಕೂರುವ ಆರು ಮನೆಗಳಲ್ಲಿ ಎರಡು ನಳಿಗೆಗೆ ಸರಿಯಾಗಿ ಕೂಡುತ್ತಿರಲಿಲ್ಲ. ರಿಪೇರಿಗೆ 14,500, ಏಳು ತಿಂಗಳು, ಮೂರು ಸಲ ಬಸ್ಸಿನ ಓಡಾಟ. ಖಾಲಿ ಗನ್ನಿನ ಹ್ಯಾಮರ್ ನಿಧಾನ ಎಳೆದು, ಸಿಲಿಂಡರ್ ಅಲುಗುತ್ತದಾ ಅಂತ ಆರೂ ಮನೆಗೆ ನೋಡಬೇಕಿತ್ತು. ನೋಡಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗದಗ-ಬೆಟಗೇರಿ: ನಾನು ಅಜ್ಜನದ್ದು ಮಾರಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ ನಿರ್ಭೀಕ್ ರಿವಾಲ್ವರ್ ತಗೊಂಡೆ. 2014ರಲ್ಲಿ ಬಂದದ್ದು, ತೂಕ ಅರ್ಧ ಕಿಲೋ ಆಸುಪಾಸು. ಅಜ್ಜ ಚರ್ಮದ ಚೀಲದಲ್ಲೇ ಇಡುತ್ತಿದ್ದರು. ಚರ್ಮ ತೇವ ಹಿಡಿದು ನಳಿಗೆ ಒಳಗೆ ಗುಂಡಿ ಗುಂಡಿ. ಹಳೆಯದರ ವ್ಯಾಮೋಹ ಬೇಡ.

ಹುಬ್ಬಳ್ಳಿ, ವಿದ್ಯಾನಗರ: ಅದು ಅಜ್ಜ ಇಟ್ಟುಕೊಂಡ ರೀತಿಯ ತಪ್ಪು, ಗನ್ನಿನದಲ್ಲ. ರಿಪೇರಿ ಆದ ಮೇಲೆ ನನ್ನದು 10 ಮೀಟರಿಗೆ ಆರೂ ಗುಂಡನ್ನು ಅಂಗೈಯಗಲ ಜಾಗದಲ್ಲಿ ಕೂಡಿಸುತ್ತದೆ. ನಿಮ್ಮ ಹಗುರದ್ದು ಕೈಯಲ್ಲಿ ಜಾಸ್ತಿ ಎಗರುವುದಿಲ್ವಾ?

ಗದಗ-ಬೆಟಗೇರಿ: ಎಗರಲಿ. ನಾಲ್ಕು ವರ್ಷದಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ. ನಿಮ್ಮ ಹಾಗೆ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡಿಲ್ಲ.

ರಾಣೆಬೆನ್ನೂರು: ರೇಂಜ್ ಯಾಕ್ರೀ? ನಾನು ಹೊಲದಲ್ಲಿ ಗಡಿಗೆ ಇಟ್ಟು ಹಾರಿಸಿದೆ. ಅಪ್ಪನ ಕಾಲದ ತೋಟಾ, ಆರರಲ್ಲಿ ಎರಡು ಠುಸ್. ಅರ್ಧ ನಿಮಿಷ ನಳಿಗೆ ಗುಡ್ಡದ ಕಡೆಗೇ ಹಿಡಿದು ನಿಂತೆ, ಕೆಲವು ತಡವಾಗಿ ಸಿಡಿಯುತ್ತವೆ. ಹೊಸ ತೋಟಾ ಕೇಳಿದರೆ ಅಂಗಡಿಯವನು .32 ಪಿಸ್ತೂಲಿನದು ಕೊಟ್ಟ! ರಿವಾಲ್ವರಿಗೆ ಬೇಕಾದದ್ದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಅನ್ನುವ ಬೇರೆ ತೋಟಾ. ಮನೆಗೆ ಬಂದು ನೋಡಿದಾಗ ಎದೆ ಝಲ್ ಎಂದಿತು.

ಹುಬ್ಬಳ್ಳಿ, ವಿದ್ಯಾನಗರ: ಹೊಲದಲ್ಲಿ ಹಾರಿಸಿದ್ದನ್ನು ಹೆಮ್ಮೆಯಿಂದ ಹೇಳುತ್ತೀರಲ್ಲ! ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ಹಾರಿಸಿದರೆ ಆಯುಧ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ.

ರಾಣೆಬೆನ್ನೂರು: ಹಿಂದೆ ಗುಡ್ಡ ಇದೆ, ಸುತ್ತ ಒಂದು ಮನೆ ಇಲ್ಲ. ಯಾರ ಜೀವಕ್ಕೆ ಅಪಾಯ? ನೀವು ಊರಲ್ಲಿ ಕೂತು ಹೊಲದವರಿಗೆ ಬುದ್ಧಿ ಹೇಳಬೇಡಿ.

ನರಗುಂದ: ಜಗಳ ಬಿಡ್ರೀ. ನನ್ನ ಸಂಕಟ ಬೇರೆ. ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದೆ. ಎರಡು ತಿಂಗಳ ಮೇಲೆ ವಾಪಸ್ ಬಂದಾಗ ಸಿಲಿಂಡರ್ ತುಂಬ ತುಕ್ಕು. ಯಾರನ್ನು ಕೇಳಲಿ?

ಗದಗ-ಬೆಟಗೇರಿ: ಎಣ್ಣೆ ಸವರಿ, ಫೋಟೋ ತೆಗೆದು, ರಸೀದಿ ಮೇಲೆ ಸ್ಥಿತಿ ಬರೆಸಿಕೊಂಡು ಕೊಟ್ಟಿದ್ದಿರಾ?

ನರಗುಂದ: ರಸೀದಿಯಲ್ಲಿ ನಂಬರ್ ಮಾತ್ರ ಇದೆ.

ಧಾರವಾಡ: ಈಗ ತೆಗೆದು ನೋಡಿದೆ. ನಮ್ಮದೂ ಚರ್ಮದ ಚೀಲದಲ್ಲೇ ಇದೆ.